ಭಟ್ಟರಿಗೆ ಹೇಳಿದ ಸಕ್ಕರೆಯ ಸುಳ್ಳು

ಪರೀಕ್ಷೆಗೆ ರಕ್ತ ಕೊಟ್ಟವನ ಮೊಣಕೈ ಮಡಿಕೆಯಲ್ಲಿ ಅಂಟಿಸುವ ಪುಟ್ಟ ಹತ್ತಿಯುಂಡೆಗಿಂತ ದೊಡ್ಡ ಚಾಡಿಕೋರ ಇನ್ನೊಬ್ಬನಿಲ್ಲವೆಂಬುದು ನನ್ನ ಇತ್ತೀಚಿನ ಸಂಶೋಧನೆ. ಚೆನ್ನೈ ಸೆಖೆಯಲ್ಲಿ ತುಂಬುತೋಳಿನ ಅಂಗಿ ತೊಡುವ ಎದೆಗಾರಿಕೆ ಯಾರಿಗಿದೆ, ಹೇಳಿ! ಅರ್ಧತೋಳಿನವನು ಕಾಫಿಗೆ ಕೈ ಚಾಚಿದನೋ, ಗುಟ್ಟು ರಟ್ಟು.

ನಮ್ಮ ತ್ರಿಪ್ಲಿಕೇನ್ ಬೀದಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಭಟ್ಟರು ಅದನ್ನು ಕಂಡು, ಎಂತ ಆಯ್ತೆಂದು ವಿಚಾರಿಸಿದರು. ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಆಗಷ್ಟೇ ತಿಳಿದಿತ್ತು. ಜೀವಮಾನವಿಡೀ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿ, ಕಪ್ಪೆಯ ಸಮಸ್ತ ಅಂಗಾಂಗಗಳನ್ನು ನಿಸ್ಸಂಕೋಚವಾಗಿ ವರ್ಣಿಸಿದ ಈ ವಿದ್ವನ್ಮಣಿಯ ಬಾಯಿಂದ ಹೊರಟ ಮಾತು ಮಾತ್ರ, "ಸ್ವಲ್ಪ ಶುಗರ್ರು."

ಅಂದಿನಿಂದ ಭಟ್ಟರು ನನ್ನ ಆರೋಗ್ಯರಕ್ಷಣೆಯ ದೀಕ್ಷೆ ತೊಟ್ಟರು. ಸಕ್ಕರೆಯಿಲ್ಲದ ಕಾಫಿ ಕೇಳದೆಯೇ ಬಂತು. ಬಾದಾಮಿ ಹಲ್ವದ ತಟ್ಟೆ ನನ್ನ ಮುಂದೆಯೇ ಪಕ್ಕದ ಮೇಜಿಗೆ ಹೋಯಿತು. ಹಾಗಲಕಾಯಿ ಪಲ್ಯ ಡಬ್ಬಿಯಲ್ಲಿ ಮನೆಗೇ ಆಗಮಿಸಿತು. ಮೂರು ತಿಂಗಳು ಆ ಕಷಾಯದಂಥ ಕಾಫಿಯನ್ನು ಕುಡಿದು, ಚೆನ್ನಾಗಿದೆಯೆಂದು ತಲೆಯಾಡಿಸಿದೆ. ನನ್ನವಳು ನಕ್ಕೂ ನಕ್ಕೂ, "ಕಪ್ಪೇದಾಗಿದ್ರೆ ಬಾಯ್ತುಂಬ ಹೇಳ್ತಿದ್ರಿ. ನಿಮ್ದು ಅಂದ್ರೆ ನಾಚ್ಕೆ," ಎಂದಳು.

ಈ ನಡುವೆ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಒಂದು ಅಧ್ಯಯನಕ್ಕೆಂದು ಇನ್ನೊಂದು ಸೀಸೆ ರಕ್ತ ಕೇಳಿದರು. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳಗಳನ್ನು ತನ್ನತ್ತ ಕರೆಸಿಕೊಳ್ಳಬೇಕಂತೆ, ಊರಂಚಿನ ಮಾಧವರಂನ ಹೊಸ ಬಡಾವಣೆಗಳು ನೀರಿನ ಪೈಪಿಗೆ ಅರ್ಜಿ ಹಾಕುವ ಹಾಗೆ. ಆ ಅರ್ಜಿ ಹೊತ್ತೊಯ್ಯುವ ಪ್ರೋಟೀನುಗಳು ರಕ್ತದಲ್ಲಿ ಎಷ್ಟಿವೆಯೆಂದು ಅಳೆದರೆ ಗಡ್ಡೆಯ ಮುಂದಿನ ಸಂಚು ತಿಳಿದೀತೇ ಎಂಬುದು ಅವರ ಹುಡುಕಾಟ. ಖಚಿತವಾಗಿ ಹೇಳುವ ಕಾಲ ಇನ್ನೂ ಬಂದಿಲ್ಲವೆಂದು ಅವರೇ ಒಪ್ಪಿದರು. ಸದ್ಯ ನನ್ನ ಗಡ್ಡೆ ಸಣ್ಣದು, ಸಾಧು, ಕಾದು ನೋಡೋಣವೆಂದರು. ನನಗೋ ಭಯ ಹೋಗಲಿಲ್ಲ. ನನ್ನೊಳಗಿನ ಗಡ್ಡೆಯೇ ಬೇಕಾದ್ದನ್ನು ಕೂಗಿ ಕೇಳುತ್ತಿರುವಾಗ ನಾನು ಒಂದು ಚಮಚ ಸಕ್ಕರೆ ಕೇಳಲೂ ಹೆದರುತ್ತಿದ್ದೇನಲ್ಲ ಎಂದು ನನ್ನ ಮೇಲೇ ರೇಗಿತು.

ನೇರ ಹೋಟೆಲಿಗೆ ಹೋಗಿ ಭಟ್ಟರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಯಾವ ಗ್ರಂಥಿ, ಎಂಥ ಕಾಯಿಲೆ, ಶುರುವಿನಲ್ಲಿ ಏನೂ ಗೊತ್ತಾಗಲೇ ಇಲ್ಲವೆಂಬುದು, ಸುಳ್ಳು ಹೇಳಿದ್ದಕ್ಕೆ ಕ್ಷಮೆ. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ನನ್ನೆದುರು ಕುಳಿತರು. ಮುಖ ಬಿಳಿಚಿತ್ತು.

"ನಂಗೆ ಎರಡು ವರ್ಷದಿಂದ ಮೂತ್ರ ಸಮ ಹೋಗುದಿಲ್ಲ ಮಾರಾಯ್ರೆ. ಮನೆಯವ್ಳಿಗೂ ಹೇಳ್ಲಿಲ್ಲ. ನಿಮ್ಮ ಡಾಕ್ಟ್ರು ಎಷ್ಟೊತ್ತಿಗೆ ಸಿಕ್ತಾರೆ?"

ವಯಸ್ಸಿಗೆ ಬರುವ ಸಾಮಾನ್ಯ ಊತವೇ ಇರಬಹುದು, ತೋರಿಸಿದರೆ ತಿಳಿಯುತ್ತದೆ ಎಂದೆ. ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯ ಸಾಲಿನಲ್ಲಿ ನಿಂತೆವು. ಚೀಟಿ ಕೊಡುವ ಕಿಟಕಿಯಾಕೆ ಯಾವುದಕ್ಕೆಂದು ತಮಿಳಿನಲ್ಲಿ ಕೇಳಿದಾಗ, ಅಡಿಗೆಮನೆಗೆ ಆರ್ಡರು ಕೂಗಿ ಕೂಗಿ ಪಳಗಿದ ಆ ಕಂಠ ಒಂದೇ ಉಸಿರಿಗೆ "ಪ್ರಾಸ್ಟೇಟ್!" ಎಂದಿತು. ಇಡೀ ಸಾಲು ತಿರುಗಿ ನೋಡಿತು. ನನಗೆ ಮೂರು ತಿಂಗಳು ಹಿಡಿದ ಕೆಲಸ ಅವರಿಗೆ ಅರೆಗಳಿಗೆಯದು! ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಭಲೇ ಎನ್ನಲು ಅವರ ಕೈ ಹಿಡಿದೆ. ಮುಳುಗುವವನಂತೆ ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಸರದಿ ಬರುವವರೆಗೂ ನಾನು ಬಿಡಲಿಲ್ಲ.