ಅವ್ವ ನನ್ನ ತಾಯಿ ಎಂದು ಬರೆದ ತೀರ್ಪು

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ಆಫೀಸು ಕೆಲಸ ಮಾಡುತ್ತಿದ್ದೆ. ಕೆಲಸ ಬಿಡಬೇಕಾಯಿತು. ಒಂದು ದಿನ ಡಯಾಲಿಸಿಸ್, ಮಾರನೆಯ ದಿನ ಅದರ ಸುಸ್ತು, ಹೀಗೆ ವಾರಗಳು ಕಳೆಯುತ್ತಿದ್ದವು. ನನ್ನ ಗಂಡ ತಾವೇ ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದರು, ರಕ್ತದ ಗುಂಪು ಹೊಂದಲಿಲ್ಲ. ವಿಷಯ ತಿಳಿದ ಅವ್ವ ಮಾಗಡಿ ಹತ್ತಿರದ ನಮ್ಮೂರಿನಿಂದ ಬಂದಳು. ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ಡಾಕ್ಟರ ಮುಂದೆ ಕುಳಿತು, "ನಂದು ತಗೊಳ್ಳಿ ಸ್ವಾಮಿ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮೈ ಇದು, ಗಟ್ಟಿಯಾಗೈತೆ," ಎಂದಳು.

ಪರೀಕ್ಷೆಗಳಾದವು. ಗುಂಪು ಹೊಂದಿತು, ಅವ್ವನ ಆರೋಗ್ಯವೂ ಚೆನ್ನಾಗಿತ್ತು. ಆದರೆ ಕಸಿಯ ಕಾಗದಪತ್ರ ನೋಡಿಕೊಳ್ಳುವ ಹೆಣ್ಣುಮಗಳೊಬ್ಬರು ನಮ್ಮಿಬ್ಬರನ್ನು ಒಳಗಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಬಹಳ ಮೃದುವಾಗಿ ಕೇಳಿದರು: "ಅಮ್ಮ, ತಪ್ಪು ತಿಳ್ಕೋಬೇಡಿ. ಇವರು ನೀವೇ ಹೆತ್ತ ಮಗಳಾ? ರಿಪೋರ್ಟ್ ನೋಡಿದರೆ ಹಾಗನ್ನಿಸಲ್ಲ."

"ಹೆತ್ತಿಲ್ಲ ಕಣವ್ವ. ಸಾಕ್ಕೊಂಡಿದ್ದು," ಎಂದಳು ಅವ್ವ.

ನನಗೆ ಅದು ಹೊಸ ಸುದ್ದಿಯಲ್ಲ. ನನ್ನನ್ನು ಹೆತ್ತವಳು ನಮ್ಮೂರಿನಲ್ಲೇ ಅವ್ವನ ಜೊತೆ ರೇಷ್ಮೆ ಹುಳು ಮೇಯಿಸುತ್ತಿದ್ದಳಂತೆ. ಚನ್ನಪಟ್ಟಣದ ಕಡೆಯಿಂದ ಗಂಡನೊಂದಿಗೆ ಕೆಲಸ ಹುಡುಕಿಕೊಂಡು ಬಂದವಳು. ನಾನು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅವಳ ಗಂಡ ಊರ ಹಿರಿಯರ ಎದುರು ನನ್ನನ್ನು ಅವ್ವನ ಮಡಿಲಿಗೆ ಹಾಕಿ ತನ್ನೂರಿಗೆ ಹೊರಟುಹೋದ. ಇಷ್ಟನ್ನು ಅವ್ವ ನನ್ನಿಂದ ಎಂದೂ ಮುಚ್ಚಿಟ್ಟಿರಲಿಲ್ಲ. ಬರಹದಲ್ಲಿ ಮಾತ್ರ ಯಾರೂ ಏನನ್ನೂ ಮಾಡಿಸಿರಲಿಲ್ಲ.

ಆ ಹೆಣ್ಣುಮಗಳು ವಿವರಿಸಿದರು. ಅಂಗ ಮಾರುವವರು ನೆಂಟರ ವೇಷ ಹಾಕಿಕೊಂಡು ಬರುವುದುಂಟು. ಅದಕ್ಕೇ ಒಂದು ಸಮಿತಿ ಇದೆ, ಅದರ ಮುಂದೆ ದತ್ತು ತೆಗೆದುಕೊಂಡಿದ್ದಕ್ಕೆ ಗಟ್ಟಿ ದಾಖಲೆ ತೋರಿಸಬೇಕು. ಆಧಾರ್, ಶಾಲೆಯ ಸರ್ಟಿಫಿಕೇಟು ಇಷ್ಟೇ ಸಾಲದೆ ಹೋಗಬಹುದು.

ಹೊರಗೆ ಬಂದ ಮೇಲೆ ಅವ್ವ ಸಿಡಿದಳು. "ಇಷ್ಟ್ ವರ್ಸ ಅನ್ನ ಇಕ್ಕಿದ್ದು ಲೆಕ್ಕಕ್ಕಿಲ್ವಾ? ಮದ್ವೆ ಮಾಡ್ಕೊಟ್ಟಿದ್ದು ಲೆಕ್ಕಕ್ಕಿಲ್ವಾ? ನಂದ್ ನಾನ್ ಕೊಡ್ತೀನಿ ಅಂದ್ರೂ ಕಾಗ್ದ ಬೇಕಂತೆ!" ಆಮೇಲೆ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಕೋರ್ಟ್ನಾಗೆ ಐತೆ ಅದು."

ನಾನು ಚಿಕ್ಕವಳಿದ್ದಾಗ ನನ್ನನ್ನು ಸಾಕಿದ ಅಪ್ಪ ತೀರಿಕೊಂಡ ಮೇಲೆ, ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಮಾಗಡಿ ಕೋರ್ಟಿನಲ್ಲಿ ದಾವೆ ಹೂಡಿದ್ದರು. ಈ ಮಗು ನಮ್ಮ ಮನೆಯದಲ್ಲ, ದತ್ತು ನಡೆದೇ ಇಲ್ಲ, ಅಣ್ಣನ ಜಮೀನಿನಲ್ಲಿ ಇದಕ್ಕೆ ಹಕ್ಕಿಲ್ಲ ಎಂಬುದು ಅವರ ವಾದ. ಕೇಸನ್ನು ಅವ್ವ ಗೆದ್ದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಹೋಗಿಬರುವುದಿಲ್ಲ. ತೀರ್ಪಿನ ನಕಲು ನಮ್ಮ ವಕೀಲರ ಬಳಿ ಇತ್ತು. ಆ ವಕೀಲರು ಕಾಲವಾಗಿ ಎಷ್ಟೋ ವರ್ಷಗಳಾಗಿದ್ದವು, ಅವರ ಆಫೀಸು ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ.

ಮೊದಲು ನನ್ನ ಗಂಡ ಫೋನಿನಲ್ಲೇ ಕೋರ್ಟಿನ ವೆಬ್‌ಸೈಟ್ ತೆರೆದು ಅವ್ವನ ಹೆಸರು, ಚಿಕ್ಕಪ್ಪನ ಹೆಸರು ಹಾಕಿ ಹುಡುಕಿದರು. ಅದೇ ಹೆಸರಿನ ಯಾರ ಯಾರದೋ ಚೆಕ್ ಬೌನ್ಸು, ಅಪಘಾತದ ಕೇಸುಗಳು ಬಂದವು, ನಮ್ಮದು ಬರಲಿಲ್ಲ. ಕಂಪ್ಯೂಟರು ಬರುವ ಮುಂಚಿನ ಕೇಸದು. ಹಾಗಾಗಿ ಡಯಾಲಿಸಿಸ್ ಇಲ್ಲದ ಒಂದು ದಿನ ಅವ್ವ ಮತ್ತು ನಾನು ಮಾಗಡಿ ಕೋರ್ಟಿಗೆ ಹೋದೆವು.

ಕೋರ್ಟೆಂದರೆ ನನಗೆ ಎದೆ ಹಾರುವ ಜಾಗ. ಕರಿ ಕೋಟುಗಳ ನಡುವೆ ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿದ್ದೆ. ಅವ್ವನೇ ಯಾರನ್ನೋ ಕೇಳಿ ಹಳೆಯ ತೀರ್ಪುಗಳ ನಕಲು ಕೊಡುವ ವಿಭಾಗ ಹುಡುಕಿದಳು. ಕಿಟಕಿಯಾಚೆ ಇದ್ದ ಮಹಿಳೆ ನನ್ನ ಊದಿದ ಮುಖ, ತೋಳಿನ ಮೇಲಿನ ಪ್ಲಾಸ್ಟರು ನೋಡಿದವರೇ ಕುರ್ಚಿಯೊಂದನ್ನು ಹೊರಗೆ ಕಳಿಸಿದರು.

"ಕೇಸಿನ ನಂಬರ್, ವರ್ಷ ಗೊತ್ತಾ?"

"ಇವ್ಳು ಎರಡ್ನೇ ಕ್ಲಾಸ್ನಾಗಿದ್ಲು," ಎಂದಳು ಅವ್ವ.

ಆಕೆ ನಕ್ಕರು, ಆದರೆ ಬರೆದುಕೊಂಡರು. "ಅಂದಾಜು ವರ್ಷ ಸಿಕ್ತು. ಹುಡುಕೋಕೆ ಅರ್ಜಿ ಕೊಡಿ, ರಿಜಿಸ್ಟರ್ ನೋಡಿಸ್ತೀನಿ. ಆದ್ರೆ ಟೈಮ್ ಹಿಡಿಯುತ್ತೆ ಅಮ್ಮ. ತೀರ್ಪಾದ ಮೇಲೆ ಅಪೀಲ್ ಏನಾದ್ರೂ ಹೋಗಿದ್ರೆ ಕಡತ ಇಲ್ಲಿಂದ ಮೇಲಿನ ಕೋರ್ಟಿಗೆ ಹೋಗಿರುತ್ತೆ. ನಿಮ್ಮ ಎದುರು ಪಾರ್ಟಿ ಇದಾರಾ? ಅವರನ್ನೇ ಕೇಳಿದ್ರೆ ಬೇಗ ಗೊತ್ತಾಗುತ್ತೆ."

ಅರ್ಜಿ ಬರೆದುಕೊಟ್ಟು ಬಂದೆವು. ಊರಿಗೆ ಹೋಗುವ ಬಸ್ಸಿನಲ್ಲಿ ಸಾವನದುರ್ಗದ ಬೆಟ್ಟ ಕಾಣುವ ತಿರುವಿನಲ್ಲಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳಿದ್ದು ಹಾರೋಹಳ್ಳಿಗೆ ಹೋಗವ," ಎಂದಳು.

ಹಾರೋಹಳ್ಳಿಯಲ್ಲಿ ಚಿಕ್ಕಪ್ಪ ಇದ್ದರು. ಮಗನಿಗೆ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಅಲ್ಲಿಯೇ ಮನೆ ಮಾಡಿದ್ದರು.

"ಬೇಡ ಕಣವ್ವ. ಅವರ ಮುಂದೆ ಹೋಗಿ ನಿಂತ್ಕೊಳ್ಳೋದಾ?" ಎಂದೆ.

"ನಿಂತ್ಕೊಂಡ್ರೆ ಏನ್ ಕಾಲ್ ಸವೆದೋಯ್ತದಾ?" ಎಂದಳು.

ನಾವು ಹೋದಾಗ ಚಿಕ್ಕಪ್ಪ ಮನೆಯ ಮುಂದಿನ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ನೆನಪಿನಲ್ಲಿ ಅವರು ಗಟ್ಟಿ ದನಿಯ, ದೊಡ್ಡ ಮೀಸೆಯ ಮನುಷ್ಯ. ಈಗ ಮೀಸೆ ಪೂರಾ ಬೆಳ್ಳಗಾಗಿತ್ತು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಅವ್ವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕ ಕೂಡಲೇ ಎದ್ದು ನಿಂತರು. ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿದವು.

"ಅತ್ಗೆ," ಎಂದರು.

ಅವ್ವ ಸುತ್ತುಬಳಸಲಿಲ್ಲ. "ಮಗೀಗೆ ಉಸಾರಿಲ್ಲ ಕಣಪ್ಪ. ನನ್ ಕಿಡ್ನಿ ಕೊಡ್ಬೇಕು. ಇವ್ಳು ನನ್ ಮಗ್ಳು ಅಂತ ಕಾಗ್ದ ಕೇಳ್ತಾವ್ರೆ. ನೀ ಹಾಕಿದ್ದ ಕೇಸ್ನಲ್ಲಿ ಅದು ಬರ್ದೈತೆ. ಕೇಸ್ ನಂಬರ್ ಏನಾರ ನೆಪ್ಪೈತಾ ಕೇಳಾಣ ಅಂತ ಬಂದೊ."

ಚಿಕ್ಕಪ್ಪ ನನ್ನನ್ನು ನೋಡಿದರು. ನನ್ನ ತೋಳು, ನನ್ನ ಕಾಲಿನ ಊತ, ಎಲ್ಲ ನೋಡಿದರು. "ಮೊದ್ಲು ಒಳಿಕ್ ಬನ್ನಿ," ಎಂದು ತಾವೇ ಚಾಪೆ ಹಾಸಿದರು. ಚಿಕ್ಕಮ್ಮ ನೀರು ತಂದು ಕೊಟ್ಟರು. ನಾನು ಒಂದೇ ಗುಟುಕು ಕುಡಿದಿಟ್ಟಾಗ ಯಾಕೆಂದು ಕೇಳಿದರು. ನನಗೆ ನೀರು ಅಳೆದು ಕುಡಿಯಬೇಕೆಂದು ಅವ್ವ ಹೇಳಿದಳು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದರು.

"ನಂಬರ್ ನೆಪ್ಪಿಲ್ಲ ಅತ್ಗೆ," ಎಂದರು ಚಿಕ್ಕಪ್ಪ. "ಆದ್ರೆ ಕಡತ ಮಾಗಡೀಲಿ ಸಿಗಕಿಲ್ಲ. ಸೋತ ಮ್ಯಾಲೆ ನಾನು ಸುಮ್ಕಿರ್ಲಿಲ್ಲ, ರಾಮನಗರದ ಕೋರ್ಟ್ಗೆ ಅಪೀಲ್ ಹಾಕಿದ್ದೆ. ನಿಮ್ ವಕೀಲ್ರಿಗೆ ಗೊತ್ತಿತ್ತು. ಅಲ್ಲೂ ಸೋತೆ. ಹಿರೀಮಗ ಹೈಸ್ಕೂಲ್ ಸೇರಿದ್ ವರ್ಸ ಅದು. ನಾನೂ ಬತ್ತೀನಿ ನಡೀರಿ. ಹಾಕ್ದೋನು ನಾನೇ ಅಲ್ವಾ, ನಾನ್ ಕೇಳಿದ್ರೆ ಕೊಡ್ತಾರೆ."

ಆ ಮಧ್ಯಾಹ್ನ ಅವರ ಮನೆಯಲ್ಲಿ ಊಟ ಮಾಡಿದೆವು. ನನಗೆಂದು ಚಿಕ್ಕಮ್ಮ ಉಪ್ಪಿಲ್ಲದೆ ಬೇರೆ ಪಲ್ಯ ಮಾಡಿದ್ದರು.

ರಾಮನಗರದ ಕೋರ್ಟಿಗೆ ನಾವು ಮೂವರೂ ಹೋದೆವು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅರ್ಜಿಯಲ್ಲಿ ತಮ್ಮ ಹೆಸರನ್ನು ಮೇಲ್ಮನವಿ ಹಾಕಿದವನು ಎಂದು ಬರೆಸಿ, ನಿಧಾನವಾಗಿ ಸಹಿ ಮಾಡಿದರು. ಅಲ್ಲಿನ ಗುಮಾಸ್ತರೊಬ್ಬರು ಯಾಕೆ ಬೇಕು ಈ ನಕಲು ಎಂದು ಕೇಳಿದಾಗ, "ಇವ್ರು ತಾಯಿ, ಇವ್ಳು ಮಗ್ಳು. ನಾನು ಅಲ್ಲ ಅಂದಿದ್ದೆ. ಈಗ ಹೌದು ಅಂತ ಕಾಗ್ದ ಬೇಕು," ಎಂದರು. ಗುಮಾಸ್ತರು ಪೆನ್ನು ಕೆಳಗಿಟ್ಟು ನಮ್ಮ ಮೂವರನ್ನೂ ನೋಡಿದರು. ಆಸ್ಪತ್ರೆಯ ಪತ್ರ ತೋರಿಸಿದೆ. ಅವರು ಅದನ್ನು ಓದಿ, ತುರ್ತು ಎಂದು ಅರ್ಜಿಯ ತಲೆಯ ಮೇಲೆ ಬರೆದು, ತಾವೇ ಎದ್ದು ಒಳಗೆ ತೆಗೆದುಕೊಂಡು ಹೋದರು.

ಸಾಕ್ಷಿ ಹೇಳಿಕೆಗಳಂಥ ಕಾಗದಗಳನ್ನು ಕೆಲವು ವರ್ಷಗಳ ನಂತರ ನಿಯಮದ ಪ್ರಕಾರ ವಿಲೇವಾರಿ ಮಾಡುತ್ತಾರೆ, ತೀರ್ಪನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಎಂದು ಅವರು ಮೊದಲೇ ಹೇಳಿದ್ದರು. ನಮಗೆ ಬೇಕಿದ್ದದ್ದೂ ಅದೇ. ಆ ವಾರವೇ ಫೋನ್ ಬಂತು. ಮೇಲ್ಮನವಿಯ ಕಟ್ಟಿನೊಳಗೆ ಮಾಗಡಿಯ ತೀರ್ಪೂ ಇತ್ತು. ಎರಡಕ್ಕೂ ಮೊಹರು ಹಾಕಿದ ದೃಢೀಕೃತ ನಕಲು ಕೊಟ್ಟರು.

ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕುಳಿತು ನಾನು ಮಾಗಡಿಯ ತೀರ್ಪನ್ನು ಗಟ್ಟಿಯಾಗಿ ಓದಿದೆ. ಟೈಪ್ ಮಾಡಿದ ಕನ್ನಡ. ಅವ್ವ ಒಂದು ಪಕ್ಕ, ಚಿಕ್ಕಪ್ಪ ಇನ್ನೊಂದು ಪಕ್ಕ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ಮಗು ನಿನ್ನದೆನ್ನಲು ಏನು ಆಧಾರ ಎಂದು ಕೇಳಿದಾಗ, ಮಗುವಿಗೆ ಖಾರ ಆಗುವುದಿಲ್ಲ, ಮಲಗುವಾಗ ನನ್ನ ಕಿವಿ ಹಿಡಿದುಕೊಂಡೇ ಮಲಗುತ್ತದೆ ಎಂದು ಅವ್ವ ಹೇಳಿದ್ದಳು. ನ್ಯಾಯಾಧೀಶರು ಅದನ್ನೂ ಬರೆದಿದ್ದರು. ಇದರಿಂದ ದತ್ತು ರುಜುವಾತಾಗುವುದಿಲ್ಲ ಎಂದೂ ಪಕ್ಕದಲ್ಲೇ ಸೇರಿಸಿದ್ದರು.

"ಹಂಗ್ ಬರೆದವ್ರಾ?" ಎಂದು ಅವ್ವ ಕೆರಳಿದಂತೆ ಕೇಳಿದಳು. ಆಮೇಲೆ ನಕ್ಕಳು.

ಮುಂದಿನ ಪುಟದಲ್ಲಿ ನನ್ನನ್ನು ಹೆತ್ತ ತಂದೆಯ ಸಾಕ್ಷಿ ಬಂತು. ಅವರ ಹೆಸರನ್ನು ನಾನು ಅಲ್ಲಿಯೇ ಮೊದಲು ಅಕ್ಷರದಲ್ಲಿ ಕಂಡದ್ದು. ಮಗುವನ್ನು ತಾನೇ, ಹಿರಿಯರ ಎದುರು, ತನ್ನ ಕೈಯಾರೆ ಈಕೆಯ ಮಡಿಲಿಗೆ ಹಾಕಿದ್ದೇನೆ, ಯಾರ ಬಲವಂತವೂ ಇರಲಿಲ್ಲ, ಮಗು ಚೆನ್ನಾಗಿದೆಯೆಂದು ಕೇಳಿದ್ದೇನೆ ಎಂದು ಅವರು ಹೇಳಿದ್ದರು. ಈ ಸಾಕ್ಷಿಯನ್ನು ಅಲುಗಾಡಿಸಲು ಆಗಿಲ್ಲ, ದತ್ತು ನಡೆದಿದೆ, ಈ ಮಗು ಈಕೆಯ ಮಗಳು ಎಂದು ನ್ಯಾಯಾಧೀಶರು ತೀರ್ಮಾನಿಸಿದ್ದರು.

ನಾನು ಓದುವುದನ್ನು ನಿಲ್ಲಿಸಿದೆ.

ಚಿಕ್ಕಪ್ಪ ಬಾಯಿ ಬಿಟ್ಟರು. "ಅವ್ನ ನಮ್ ಕಡೆ ಎಳ್ಕಳಕ್ಕೆ ನೋಡಿದ್ವಿ ಮಗಾ. ಚನ್ನಪಟ್ಟಣದ ಅವ್ನೂರ್ಗೇ ಹೋಗಿದ್ದೆ. ಬರ್ದೇ ಇದ್ರೆ ಸಾಕು, ಕೋರ್ಟ್ಗೆ ಹೋಗ್ಬ್ಯಾಡ ಅಂದೆ. 'ಕೊಟ್ಬುಟ್ಟಿದ್ದೀನಿ ಸ್ವಾಮಿ, ಕೊಟ್ಟಿಲ್ಲ ಅಂತ ಹೆಂಗನ್ಲಿ' ಅಂದ. ಕೂಲಿ ಬುಟ್ಟು, ಬಸ್ ಹತ್ಕೊಂಡು ಮಾಗಡಿಗೆ ಬಂದು ಹೇಳಿ ಹೋದ."

ಅವ್ವನಿಗೂ ಅದು ಗೊತ್ತಿರಲಿಲ್ಲ. "ಅವತ್ತು ಕೋರ್ಟಿಂದ ಆಚೆ ಬಂದಾಗ ನಿನ್ನ ನೋಡ್ಕೊಂಡ್ ಹೋಗು ಅಂದೆ," ಎಂದಳು ನನಗೆ. "ಬ್ಯಾಡ ಕಣಕ್ಕ, ನೋಡಿದ್ರೆ ಕಾಲ್ ಬರಕಿಲ್ಲ ಅಂತ ಹಂಗೇ ಹೋದ." ಅವರು ಬಹಳ ಹಿಂದೆಯೇ ತೀರಿಹೋಗಿದ್ದರು. ಅವರಿಗೆ ನಾನು ಏನನ್ನೂ ಹೇಳುವ ಹಾಗಿರಲಿಲ್ಲ. ಆ ಸಾಲುಗಳ ಮೇಲೆ ಕೈ ಸವರಿದೆ, ಅಷ್ಟೇ. ನನಗೆ ಜೀವ ಕೊಟ್ಟವರು ಎಷ್ಟು ಜನ ಎಂದು ಆ ಮರದ ಕೆಳಗೆ ಕುಳಿತಾಗ ಮೊದಲ ಸಲ ತಿಳಿಯಿತು.

ಸಮಿತಿಯ ಎದುರು ಹೋದ ದಿನ ಚಿಕ್ಕಪ್ಪ ಯಾರೂ ಕರೆಯದೆಯೇ ಬಂದರು. ನೋಟರಿಯ ಬಳಿ ಪ್ರಮಾಣಪತ್ರ ಮಾಡಿಸಿಕೊಂಡು ಬಂದಿದ್ದರು, ಇವಳು ನನ್ನ ಅಣ್ಣನ ಮಗಳು ಎಂದು. ಡಾಕ್ಟರೊಬ್ಬರು ತೀರ್ಪನ್ನೂ ಅದನ್ನೂ ಓದಿ ಕೇಳಿದರು: "ನೀವೇ ಅಲ್ವಾ ಅವತ್ತು ಅಲ್ಲ ಅಂತ ಕೇಸು ಹಾಕಿದ್ದವರು?"

"ಹೂಂ ಸ್ವಾಮಿ, ನಾನೇ. ಎರಡ್ ಕೋರ್ಟ್ನಲ್ಲಿ ಸೋತು ಒಪ್ಕೊಂಡಿದ್ದೀನಿ. ನೀವ್ ಬೇರೆ ಸೋಲಿಸ್ಬೇಕಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವ್ವನನ್ನು ಒಬ್ಬಳನ್ನೇ ಕೂರಿಸಿ ಬಲವಂತವಿದೆಯೇ, ಯಾರಾದರೂ ಆಸೆ ತೋರಿಸಿದ್ದಾರೆಯೇ ಎಂದೆಲ್ಲ ಕೇಳಿದರಂತೆ. ಹೊರಗೆ ಬಂದವಳು ಹೇಳಿದಳು: "ಒಳ್ಳೆ ಜನ. ನಂಗೆ ಕಾಫಿ ಕೊಟ್ರು." ಅನುಮತಿ ಸಿಕ್ಕಿತು.

ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು ಅವ್ವನ ಬಗ್ಗೆ. ಚೆನ್ನಾಗಿದ್ದಾರೆ, ರಾಗಿ ಗಂಜಿ ಕೇಳುತ್ತಿದ್ದಾರೆ ಎಂದರು ನರ್ಸು. ಕೆಲವು ದಿನಗಳ ಮೇಲೆ ನಾನು ಒಂದು ಲೋಟ ನೀರನ್ನು ಅಳತೆಯಿಲ್ಲದೆ, ಪೂರ್ತಿ, ತಳದವರೆಗೆ ಕುಡಿದೆ. ಅದರ ರುಚಿಯನ್ನು ಬರೆಯಲು ನನಗೆ ಬಾರದು.

ಈಗ ಬಿಡದಿಯ ಮನೆಯಲ್ಲಿದ್ದೇನೆ. ಅವ್ವ ನನ್ನ ಜೊತೆಗಿದ್ದಾಳೆ. ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯಕ್ಕೆ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಮಾಗಡಿ, ರಾಮನಗರದ ಕೋರ್ಟುಗಳಲ್ಲಿ ನಮಗೆ ನೆರವಾದ ಆ ಇಬ್ಬರಿಗೂ ಫೋನ್ ಮಾಡಿ ಸುದ್ದಿ ತಿಳಿಸಿದ್ದು ಆಗಲೇ. ಮಾಗಡಿಯವರು "ಚೆನ್ನಾಗಿರಿ ತಾಯಿ," ಎಂದರು. ರಾಮನಗರದವರು ನನ್ನ ಮಾತಿಗಿಂತ ಮೊದಲು ಅವ್ವ ಹೇಗಿದ್ದಾರೆ ಎಂದು ಕೇಳಿದರು.

ಚಿಕ್ಕಪ್ಪ ಹಾರೋಹಳ್ಳಿಯಿಂದ ಬಂದರೆ ಕಿಟಕಿಯ ಹೊರಗೆ ಮಾಸ್ಕ್ ಹಾಕಿಕೊಂಡು ನಿಲ್ಲುತ್ತಿದ್ದರು. ಚಿಕ್ಕಮ್ಮ ಕಳಿಸಿದ ಸೊಪ್ಪಿನ ಚೀಲವನ್ನು ಬಾಗಿಲಿಗೆ ನೇತುಹಾಕಿ, ಊರ ಸುದ್ದಿಯನ್ನೆಲ್ಲ ಬೀದಿಗೇ ಕೇಳುವಂತೆ ಹೇಳುತ್ತಿದ್ದರು. ಒಂದು ಸಲ ಅವರು ಹೇಳಿದ ಏನೋ ಮಾತಿಗೆ ನಾವಿಬ್ಬರೂ ನಗುತ್ತ ಹೊಟ್ಟೆ ಹಿಡಿದುಕೊಂಡೆವು.

"ಒಸಿ ಸುಮ್ಕಿರಪ್ಪ," ಎಂದು ಅವ್ವ ಒಳಗಿನಿಂದ ಗದರಿದಳು. "ನಗಿಸ್ಬ್ಯಾಡ, ಹೊಲ್ಗೆ ನೋಯ್ತದೆ."

"ಯಾರ್ದು ಅತ್ಗೆ, ನಿಂದಾ ಅವ್ಳ್ದಾ?"

"ಇಬ್ರುದೂವೆ," ಎಂದಳು ಅವ್ವ.