ಚಕ್ರದ ವಾಲ್ವಿಗೆ ಅವ್ವನ ಕಾವಲು

ಹೊಸಪೇಟೆಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಗುಡ್ಡ ಅಲೆಯುವ ಹುಚ್ಚು ಮೊದಲಿನಿಂದಲೂ ಇತ್ತು. ನಲವತ್ತು ದಾಟಿದ ಮೇಲೆ ಹಳೆಯ ಜೀಪೊಂದನ್ನು ಕೊಂಡಾಗ ನೆಂಟರೆಲ್ಲ ನಕ್ಕರು. ನಗದವಳು ಅವ್ವ ಒಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಕಂಪ್ಲಿಯಲ್ಲಿ ನಮ್ಮ ರೈಸ್ ಮಿಲ್ಲನ್ನು ಹದಿನೆಂಟು ವರ್ಷ ನಡೆಸಿದವಳು ಅವಳು. ಬಾನೆಟ್ ಎತ್ತಿಸಿ ಒಳಗೆ ಇಣುಕಿ, "ಬೆಲ್ಟ್ ಹಳೇದಾಗೈತಿ, ಬದಲಿ ಮಾಡ್ಸು" ಎಂದಷ್ಟೇ ಹೇಳಿದಳು.

ಮಿಲ್ಲಿಗೆ ಬರುತ್ತಿದ್ದ ಲಾರಿ ಡ್ರೈವರುಗಳ ಬಾಯಲ್ಲಿ ಸಂಡೂರಿನ ಗುಡ್ಡಗಳ ಸುದ್ದಿ ಕೇಳಿದ್ದಳೇ ಹೊರತು ಅವ್ವ ಅವನ್ನು ಹತ್ತಿರದಿಂದ ನೋಡಿರಲಿಲ್ಲ. ಹಾಗಾಗಿ ಒಳ್ಳೆಯ ಮಳೆಯಾದ ಒಂದು ಶ್ರಾವಣದಲ್ಲಿ, ಭಾನುವಾರ ಬೆಳಿಗ್ಗೆ, ಅವಳನ್ನೂ ಅವಳ ಅಕ್ಕನಾದ ನನ್ನ ದೊಡ್ಡವ್ವನನ್ನೂ ಕೂರಿಸಿಕೊಂಡು ಹೊರಟೆ. ಬಂಡ್ರಿ ದಾಟಿ, ಡಾಂಬರು ಬಿಟ್ಟು, ಗುಡ್ಡದ ಕಡೆ ಹೋಗುವ ಬಂಡಿದಾರಿಗೆ ಇಳಿದೆ. ಎದೆಮಟ್ಟದ ಮೆಕ್ಕೆಜೋಳ ಎರಡೂ ಕಡೆ. ದೊಡ್ಡವ್ವ ಹಾಡು ಗುನುಗುತ್ತಿದ್ದಳು.

ಹುಲ್ಲಿನೊಳಗೆ ಕಡಿದ ಜಾಲಿಯ ಮೋಟು ಇದ್ದದ್ದು ನನಗೆ ಕಾಣಲಿಲ್ಲ. ಚಕ್ರಕ್ಕೆ ಏನೋ ಕೆರೆದಂತಾಯಿತು. ಇಳಿದು ನೋಡುವಷ್ಟರಲ್ಲಿ ಹಿಂದಿನ ಟೈರು ನೆಲಕ್ಕೆ ಕೂತಿತ್ತು. ಟೈರಿಗೆ ಒಂದು ಗೀರೂ ಇಲ್ಲ. ಗಾಳಿ ತುಂಬುವ ರಬ್ಬರಿನ ವಾಲ್ವ್ ಬುಡಸಮೇತ ಹರಿದುಹೋಗಿತ್ತು. ಸ್ಟೆಪ್ನಿ ಹಾಕಿ ಬೆವರು ಒರೆಸಿಕೊಳ್ಳುವಾಗ ಅವ್ವ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇಲ್ಲಿ ನೋಡಲೇ. ಇದೂ ಹೋಗಾಕ ಹತ್ತೈತಿ."

ರಿಮ್ಮಿಗೆ ಮೆತ್ತಿದ್ದ ಕೆಸರಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡು ವಾಲ್ವನ್ನು ಒಂದು ಮಗ್ಗುಲಿಗೆ ಒತ್ತಿಬಿಟ್ಟಿತ್ತು. ಅವ್ವ ಬಾಟಲಿಯ ನೀರು ಹನಿಸಿದಳು. ಬುಡದಲ್ಲಿ ಗುಳ್ಳೆ ಎದ್ದವು. ಇನ್ನೊಂದು ಸ್ಟೆಪ್ನಿ ನಮ್ಮಲ್ಲಿರಲಿಲ್ಲ.

ಪಕ್ಕದ ಹೊಲದ ರೈತ, ಅವನ ಹೆಂಡತಿ ಇಬ್ಬರೂ ಬಂದರು. "ಬರ್ರಿ ಅಮ್ಮಾರ, ನೆಳ್ಳಾಗ ಕುಂದ್ರಿ. ಗಾಲಿ ಬಿಚ್ಚಿ ಕೊಡ್ರಿ, ಟ್ರ್ಯಾಕ್ಟರ್‌ದಾಗ ಬಂಡ್ರಿಗೆ ಒಯ್ತೀನಿ" ಎಂದ ಅವನು. ದೊಡ್ಡವ್ವ ಆ ಹೆಂಗಸಿನ ಜೊತೆ ಬೇವಿನ ಮರದ ಕೆಳಗೆ ಮಾತಿಗೆ ಕೂತಳು. ನಾನು ಅವ್ವನಿಗೂ ಅಲ್ಲೇ ಇರು ಎಂದೆ.

"ನಾ ಯಾಕ ಇರ್ಲಿ? ರಿಪೇರಿ ಮಾಡೋದು ನೋಡಬ್ಯಾಡೇನು?"

ಟ್ರೇಲರಿನಲ್ಲಿ ಎರಡು ಚಕ್ರ ಮಲಗಿಸಿ ಒಂದೊಂದರ ಮೇಲೆ ಒಬ್ಬೊಬ್ಬರು ಕೂತೆವು. ಪ್ರತಿ ಕುಣಿಗೂ ಅವ್ವ ಎಗರುತ್ತಿದ್ದಳು, ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಪಂಚರ್ ಅಂಗಡಿಯ ಮುದುಕ ರಬ್ಬರಿನದನ್ನು ತೆಗೆದು, ನಟ್ಟಿನಿಂದ ಬಿಗಿಯುವ ಕಬ್ಬಿಣದ ವಾಲ್ವ್ ಹಾಕಿದ. "ಗಿಡ್ಡದ್ದು ಹಾಕೀನಿ ಅಮ್ಮಾರ. ರಿಮ್ಮಿನ ಹೊರಗ ಚಾಚಂಗಿಲ್ಲ. ಕೆಸರು ಮೆತ್ತಿದ್ರ ಆಗಿಂದಾಗ ಕೆದರಿ ತಗೀರಿ."

"ಕಲ್ಲು ಜೋರು ಬಡದ್ರ?"

"ಇದೂ ಬಗ್ಗತದ."

"ಮಿಲ್ಲಿನಾಗ ತಿರುಗೋ ಸಾಮಾನಿಗೆಲ್ಲ ಕವರ್ ಇರ್ತೈತಿ," ಎಂದಳು ಅವ್ವ. "ಇದಕ್ಕೂ ಒಂದು ಮಾಡ್ಸಬೇಕು."

ಮುದುಕ ತಲೆಯಾಡಿಸಿ, "ಮಾಡ್ಸ್ರಿ. ಆದ್ರ ಟೈರ್ ಬಿಚ್ಚಿದ ಮ್ಯಾಲೇ ವೆಲ್ಡಿಂಗ್ ಮಾಡ್ಸ್ರಿ" ಎಂದ.

ನಾವು ವಾಪಸ್ಸಾಗುವಷ್ಟರಲ್ಲಿ ದೊಡ್ಡವ್ವ ಆ ಹೆಂಗಸಿಗೆ ಅಕ್ಕನೇ ಆಗಿಬಿಟ್ಟಿದ್ದಳು. ಚಕ್ರ ಕೂರಿಸಿ, ಅವರು ಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು, ಮಧ್ಯಾಹ್ನ ಗುಡ್ಡದ ನೆತ್ತಿ ಮುಟ್ಟಿದೆವು. ಮೋಡ ನಮ್ಮ ಮೊಣಕಾಲಿನ ಬಳಿ ಹಾದುಹೋಯಿತು. ಅವ್ವ ಕೈ ಚಾಚಿ ಅದನ್ನು ಮುಟ್ಟಿ ನೋಡಿದಳು.

ಮರುವಾರ ಹೊಸಪೇಟೆಯ ವೆಲ್ಡರ್ ಬಳಿ ಅವ್ವನೇ ನಿಂತು ಕೆಲಸ ಮಾಡಿಸಿದಳು. ದಪ್ಪ ಪೈಪಿನ ಬೆರಳಗಲದ ತುಂಡುಗಳನ್ನು ಬಳೆಯಂತೆ ವಾಲ್ವಿನ ತೂತಿನ ಸುತ್ತ, ಬರಿಯ ರಿಮ್ಮಿಗೆ ಬೆಸುಗೆ ಹಾಕಿಸಿದಳು. ಟೈರು ಮತ್ತೆ ಕೂರಿಸಿ ಖುಷಿಯಿಂದ ಗಾಳಿ ತುಂಬಿಸಲು ಹೋದರೆ ಪಂಪಿನ ಬಾಯಿಯೇ ಒಳಗೆ ಹೋಗಲಿಲ್ಲ. ಪೈಪು ಅಷ್ಟು ಇಕ್ಕಟ್ಟು. ವೆಲ್ಡರ್ ನಗು ತಡೆಯಲಾರದೆ ಆಚೆ ತಿರುಗಿದ. ಅವ್ವನೂ ನಕ್ಕಳು. "ಅಳತಿ ತಗೊಳ್ಳೋದು ಮರ್ತೆ. ಬಿಚ್ಚಪಾ, ಇನ್ನೊಂದು ಸಲ ಮಾಡೋಣು." ಎರಡನೆಯ ಸಲಕ್ಕೆ ಅಗಲವಾದ ಪೈಪು ಸರಿಹೋಯಿತು.

ಅದಾದ ಮೇಲೆ ಮಳೆಗಾಲದಲ್ಲಿ ನಮ್ಮ ಭಾನುವಾರಗಳೆಲ್ಲ ಗುಡ್ಡದಲ್ಲೇ. ಹೋದ ವರ್ಷ ಚೋರನೂರಿನ ಕಡೆ ಒಂದು ಹಳ್ಳ ದಾಟುವಾಗ ಮುಂದಿನ ಚಕ್ರಕ್ಕೆ ಬಂಡೆ ಬಡಿಯಿತು. ಇಳಿದು ನೋಡಿದೆವು. ಪೈಪಿನ ಅಂಚು ಚಪ್ಪಟೆಯಾಗಿತ್ತು. ಒಳಗಿನ ವಾಲ್ವಿಗೆ ಏನೂ ಆಗಿರಲಿಲ್ಲ. ಅವ್ವ ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಅದನ್ನು ಸರಿಮಾಡಿಸಲು ಈವರೆಗೂ ಬಿಟ್ಟಿಲ್ಲ. ಮನೆಗೆ ಬಂದವರನ್ನು ಚಹಾ ಕುಡಿಸಿದ ಮೇಲೆ ಅಂಗಳಕ್ಕೆ ಕರೆದೊಯ್ದು ತೋರಿಸುತ್ತಾಳೆ.