ಅಳಿಯನ ಪೆಟ್ಟಿಗೆಯೂ ಲವೀನಾ ಅತ್ತೆಯೂ

ಮೇಸಿ ಊರಿನಲ್ಲಿ ಓಮಾಹಾ ಬುಡಕಟ್ಟಿನ ಮಾತನ್ನು ನಿದ್ದೆಗಣ್ಣಿನಲ್ಲೂ ಆಡಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬಳು ಎಂಬತ್ತೊಂದರ ಲವೀನಾ ಮೆರಿಕ್. ನಂಬುವುದು ಮಾತ್ರ ಆ ಮುದುಕಿಯ ಜಾಯಮಾನವೇ ಅಲ್ಲ. ಸರ್ಕಾರ ಹಂಚಿದ ಚೀಸನ್ನೂ ಮೂಸಿ ನೋಡಿ, ಮೊದಲು ನಾಯಿಗೆ ಹಾಕುತ್ತಿದ್ದಳು.

ಇಂಥವಳಿಗೆ ಸಿಕ್ಕ ಅಳಿಯ ರಸೆಲ್ ನೆರೆಯ ಪೊಂಕಾ ಬುಡಕಟ್ಟಿನವನು. ಎರಡೂ ಕಡೆಯವರ ಭಾಷೆ ಒಂದೇ. ಶಾಲೆಯ ಮಕ್ಕಳಿಗೆಂದು ಆ ಮಾತುಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ಪಟ್ಟಿ ಮಾಡುತ್ತಿದ್ದ. ಆದರೆ ಅವರ ಸಂಪ್ರದಾಯದಲ್ಲಿ ಅತ್ತೆ ಅಳಿಯ ಮುಖ ಕೊಟ್ಟು ಮಾತಾಡುವಂತಿಲ್ಲವಲ್ಲ! ರೆಕಾರ್ಡರ್ ಪೆಟ್ಟಿಗೆಯನ್ನು ಅಡುಗೆಮನೆ ಮೇಜಿನ ಮೇಲಿಟ್ಟು ತಾನು ಹೊರಗೆ ಟ್ರಕ್ಕಿನಲ್ಲಿ ಕೂರುತ್ತಿದ್ದ. ಕೇಳಿ ಬರೆಯುವವಳು ಅವನ ಹೆಂಡತಿ ಡೊರೀನ್.

"ಗಂಟೆಗಟ್ಲೆ ಅಲ್ಲೇನ್ ಮಾಡ್ತಾನೆ ನಿನ್ ಗಂಡ?"

"ಕಾಯ್ತಾನೆ ಅವ್ವಾ."

"ಕಾಯ್ತಾನಂತೆ! ನನ್ ಮಾತೆಲ್ಲ ಹೊತ್ಕೊಂಡ್ಹೋಗಿ ತನ್ ಹೆಸರಲ್ಲಿ ಪುಸ್ತಕ ಮಾಡ್ತಾನೆ, ನೋಡ್ತಿರು. ನಮ್ಮವ್ವನ ಹತ್ರನೂ ಒಬ್ಬ ಪ್ರೊಫೆಸರ್ ಬಂದಿದ್ದ. ಕಾಫಿ ಕುಡಿದು ಹೋದೋನು ತಿರುಗಿ ಒಂದು ಕಾಗದ ಸಹ ಹಾಕಲಿಲ್ಲ."

ವಹಾಬ ಅಂದರೆ ಮೆಕ್ಕೆಜೋಳ, ಶೋಂಗೆ ಅಂದರೆ ಕುದುರೆ. ಎಲ್ಲರಿಗೂ ಗೊತ್ತಿರುವುದನ್ನು ಸರಿಯಾಗಿಯೇ ಕೊಟ್ಟಳು. ಅಪರೂಪದವು ಬಂದಾಗ ನಾಲಗೆ ಬೇಕೆಂದೇ ಹೊರಳಿತು. ನದಿಯ ಮೇಲೇಳುವ ಮಂಜಿನ ಹೆಸರಿಗೆ ಹೊಗೆ ಎಂದಳು. ಗಾಯಕ್ಕೆ ಅರೆದು ಹಚ್ಚುವ ಬೇರಿನ ಹೆಸರಿಗೆ ಕಳೆಗಿಡ ಎಂದಳು. ಪಾಪ, ಡೊರೀನ್ ಬರೆದುಕೊಂಡಳು.

ಒಂದು ಮಂಗಳವಾರ ರಸೆಲ್ ಹೆಂಡತಿಯನ್ನು ಕಿಡ್ನಿ ಚಿಕಿತ್ಸೆಗೆಂದು ಸೂ ಸಿಟಿಗೆ ಕರೆದೊಯ್ದ. ಪೆಟ್ಟಿಗೆ ಮೇಜಿನ ಮೇಲೇ ಉಳಿದಿತ್ತು. ಬೇಕಂತಲೇ ಬಿಟ್ಟು ಹೋಗಿದ್ದಾನೆ ಕಳ್ಳ, ಒಬ್ಬಳೇ ಇದ್ದಾಗ ನಾನೇನು ಗೊಣಗುತ್ತೇನೆಂದು ಕೇಳಲಿಕ್ಕೆ! ಮಗಳು ಒತ್ತುವುದನ್ನು ನೋಡಿ ಗೊತ್ತಿದ್ದ ಗುಂಡಿಯನ್ನು ಲವೀನಾ ಒತ್ತಿದಳು.

ಅಳಿಯನ ದನಿ. ಅವಳದೇ ಮಾತುಗಳನ್ನು ಮಗ್ಗಿ ಹೇಳುವವನಂತೆ ಮತ್ತೆ ಮತ್ತೆ ಹೇಳುತ್ತಿದ್ದ. ಪೆಟ್ಟಿಗೆ ಕೈಗೆ ಬಂದ ಮೇಲೆ ಟ್ರಕ್ಕಿನಲ್ಲಿ ಕೂತು ಅವನು ಮಾಡುತ್ತಿದ್ದುದು ಇದು. ಕೊನೆಗೆ ಗಂಟಲು ಸರಿಮಾಡಿಕೊಂಡ.

"ಡೊರೀನ್, ನಿಮ್ಮವ್ವನಿಗೆ ನೀನೇ ಹೇಳು. ಅವರು ಕೊಟ್ಟಿದ್ರಲ್ಲಿ ಆರು ಸುಳ್ಳು. ನಮ್ಮಜ್ಜಿ ಹಾಗೆ ಹೇಳ್ತಿರಲಿಲ್ಲ ಅಂತ ನೆನಪಿದೆ, ಹೇಗೆ ಹೇಳ್ತಿದ್ರು ಅನ್ನೋದು ಮರೆತುಹೋಗಿದೆ. ಕೇಳೋಣ ಅಂದ್ರೆ ನಮ್ಮ ಕಡೆ ಯಾರೂ ಉಳಿದಿಲ್ಲ. ನಂಗೇನೂ ಬೇಜಾರಿಲ್ಲ ಅನ್ನು. ಮಕ್ಕಳಿಗೆ ಸುಳ್ಳು ಕಲಿಸೋ ಬದಲು ಆ ಜಾಗ ಖಾಲಿ ಬಿಡ್ತೀನಿ."

ಲವೀನಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದ್ದು ಕಾಫಿ ಬಗ್ಗಿಸಿಕೊಂಡಳು, ಕುಡಿಯಲಾಗಲಿಲ್ಲ. ಮತ್ತೆ ಕುಳಿತು ಕೆಂಪು ಗುಂಡಿ ಒತ್ತಿದಳು.

"ಏ ಪೆಟ್ಟಿಗೆ, ನಾನು ಮಾತಾಡ್ತಿರೋದು ನಿನ್ ಹತ್ರ, ಅವನ ಹತ್ರ ಅಲ್ಲ, ತಿಳೀತಾ? ಅವನಿಗೆ ಹೇಳು. ಆರಲ್ಲ, ಒಂಬತ್ತು."